ನಕ್ಷತ್ರದ ಶ್ರುತಿ ಹಿಡಿದು ಗ್ರಹವನ್ನು ಅಳೆಯುವುದು

ಎಲ್ಲರಿಗೂ ನಮಸ್ಕಾರ.

ಹೊಸ ಹೊರಗ್ರಹದ, ಅಂದರೆ ಬೇರೆ ನಕ್ಷತ್ರವನ್ನು ಸುತ್ತುವ ಗ್ರಹದ, ಸುದ್ದಿ ಬಂದಾಗಲೆಲ್ಲ ಜೊತೆಗೆ ಒಂದು ಅಳತೆಯೂ ಬರುತ್ತದೆ: ಭೂಮಿಯ ಒಂದೂವರೆ ಪಟ್ಟು, ಭೂಮಿಯ ಅರ್ಧದಷ್ಟು, ಹೀಗೆ. ಆದರೆ ಈ ಗ್ರಹಗಳಲ್ಲಿ ಬಹುಪಾಲನ್ನು ಯಾರೂ ನೇರವಾಗಿ ಕಂಡಿಲ್ಲ. ಕಂಡಿದ್ದು ಇಷ್ಟೇ: ಯಾವುದೋ ನಕ್ಷತ್ರದ ಬೆಳಕು ಕೆಲವು ಗಂಟೆಗಳ ಕಾಲ ಒಂದಿಷ್ಟು ಕುಂದಿತು, ನಿಗದಿತ ದಿನಗಳ ನಂತರ ಮತ್ತೆ ಅಷ್ಟೇ ಕುಂದಿತು. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸಂಕ್ರಮಣ ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಸೂರ್ಯನ ಬಿಂಬದ ಮೇಲೆ ಒಂದು ಕಪ್ಪು ಚುಕ್ಕೆ ಸರಿದುಹೋಯಿತಲ್ಲ, ಇಲ್ಲೂ ನಡೆಯುವುದು ಅದೇ. ವ್ಯತ್ಯಾಸವೆಂದರೆ ದೂರದ ನಕ್ಷತ್ರದಲ್ಲಿ ಬಿಂಬವೂ ಕಾಣದು, ಚುಕ್ಕೆಯೂ ಕಾಣದು. ಒಟ್ಟು ಬೆಳಕಿನ ಇಳಿತವನ್ನಷ್ಟೇ ಅಳೆಯಬಹುದು.

ಆ ಇಳಿತ ನಮಗೆ ಕೊಡುವುದು ಒಂದು ಅನುಪಾತ. ನಕ್ಷತ್ರದ ಬಿಂಬದಲ್ಲಿ ಗ್ರಹ ಎಷ್ಟು ಪಾಲನ್ನು ಮರೆಮಾಡಿತು ಎಂಬುದು ತಿಳಿಯುತ್ತದೆ, ಅದರ ವರ್ಗಮೂಲ ತೆಗೆದರೆ ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಎಷ್ಟನೇ ಪಾಲು ಎಂದು ಗೊತ್ತಾಗುತ್ತದೆ. ಕಿಲೋಮೀಟರಿನಲ್ಲಿ ಹೇಳಬೇಕಾದರೆ ಮೊದಲು ನಕ್ಷತ್ರದ ತ್ರಿಜ್ಯ ತಿಳಿದಿರಬೇಕು. ನಕ್ಷತ್ರದ ತ್ರಿಜ್ಯವನ್ನು ಶೇ. 30ರಷ್ಟು ಕಡಿಮೆ ಅಂದಾಜು ಮಾಡಿದ್ದರೆ ಗ್ರಹದ ತ್ರಿಜ್ಯವೂ ಅಷ್ಟೇ ಕಡಿಮೆ ಬರುತ್ತದೆ. ಗಾತ್ರ ತ್ರಿಜ್ಯದ ಘನದಂತೆ ಬದಲಾಗುವುದರಿಂದ ಸಾಂದ್ರತೆಯ ಲೆಕ್ಕ ಸುಮಾರು ಮೂರು ಪಟ್ಟು ತಪ್ಪುತ್ತದೆ. ನೀರು, ಅನಿಲ ತುಂಬಿದ ಗ್ರಹ ಕಬ್ಬಿಣದ ಗುಂಡಿನಂತೆ ಕಾಣುತ್ತದೆ. ಗ್ರಹಗಳನ್ನು ಹುಡುಕಲು ಬಾಹ್ಯಾಕಾಶಕ್ಕೆ ಕಳಿಸಿದ ಕೆಪ್ಲರ್ ದೂರದರ್ಶಕದ ಆರಂಭದ ದಿನಗಳಲ್ಲಿ ನಕ್ಷತ್ರಗಳ ತ್ರಿಜ್ಯವನ್ನು ಅವುಗಳ ಬಣ್ಣ ನೋಡಿ ಅಂದಾಜು ಮಾಡಲಾಗುತ್ತಿತ್ತು, ಇಷ್ಟು ದೊಡ್ಡ ತಪ್ಪು ಅಲ್ಲಿ ಅಪರೂಪವಾಗಿರಲಿಲ್ಲ. ಹಾಗಾಗಿ ಗ್ರಹವನ್ನು ಅಳೆಯುವ ಕೆಲಸದ ದೊಡ್ಡ ಪಾಲು ನಕ್ಷತ್ರವನ್ನು ಅಳೆಯುವ ಕೆಲಸವೇ ಆಗಿರುತ್ತದೆ. ಅದಕ್ಕೆ ನಕ್ಷತ್ರದೊಳಗಿನ ಶಬ್ದ ನೆರವಾಗುತ್ತದೆ.

ನಲ್ಲಿಯ ಕೆಳಗೆ ಕೊಡ ಇಟ್ಟು ಒಳಗೆ ಹೋದವರು ಅದು ತುಂಬುತ್ತಾ ಬಂದದ್ದನ್ನು ನೋಡದೆಯೇ ಹೇಳುತ್ತಾರೆ. ನೀರು ಏರಿದಂತೆ ಮೇಲಿನ ಖಾಲಿ ಜಾಗ ಕಿರಿದಾಗುತ್ತದೆ, ಸದ್ದು ಸಣ್ಣಗಾಗುತ್ತಾ ತಾರಕಕ್ಕೆ ಹೋಗುತ್ತದೆ. ಖಾಲಿ ಜಾಗದ ಉದ್ದ ಕಿವಿಗೆ ಶ್ರುತಿಯಾಗಿ ಕೇಳುತ್ತದೆ. ನಕ್ಷತ್ರವೂ ಅಂಥ ಒಂದು ಪಾತ್ರೆ. ಅದರ ಮೇಲ್ಪದರದಲ್ಲಿ ಬಿಸಿ ಅನಿಲ ಕುದಿಯುವ ಅನ್ನದ ಗಂಜಿಯಂತೆ ಏಳುತ್ತಾ ಬೀಳುತ್ತಾ ಇರುತ್ತದೆ. ಈ ಕುದಿತ ಎಡೆಬಿಡದೆ ಒಳಗನ್ನು ತಟ್ಟುತ್ತದೆ, ಶಬ್ದದ ಅಲೆಗಳು ಏಳುತ್ತವೆ. ಒಳಕ್ಕೆ ಹೋದಂತೆ ಶಬ್ದದ ವೇಗ ಹೆಚ್ಚುವುದರಿಂದ ಅಲೆ ಬಾಗಿ ಮೇಲಕ್ಕೆ ತಿರುಗುತ್ತದೆ, ಮೇಲ್ಮೈಯಲ್ಲಿ ಸಾಂದ್ರತೆ ಥಟ್ಟನೆ ಇಳಿಯುವುದರಿಂದ ಅಲ್ಲಿಂದ ಮತ್ತೆ ಒಳಕ್ಕೆ ಬೀಳುತ್ತದೆ. ಹೀಗೆ ಸಿಕ್ಕಿಬಿದ್ದ ಅಲೆಗಳಲ್ಲಿ ಪಾತ್ರೆಯ ಅಳತೆಗೆ ಹೊಂದುವ ಕಂಪನಗಳಷ್ಟೇ ನಿಲ್ಲುತ್ತವೆ.

ಸೂರ್ಯನಲ್ಲಿ ಇದನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿಗಳಾದ ಲೇಟನ್, ನಾಯ್ಸ್, ಸೈಮನ್ ಕಂಡರು: ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಅದು ಒಳಗೆ ಸಿಕ್ಕಿಕೊಂಡ ಶಬ್ದ ಎಂಬ ವಿವರಣೆ ಬರಲು 1970ರವರೆಗೆ ಕಾಯಬೇಕಾಯಿತು. ರಾತ್ರಿ ಬಂದರೆ ಸೂರ್ಯ ಮರೆಯಾಗುತ್ತಾನೆ, ದತ್ತಾಂಶದಲ್ಲಿ ದಿನಕ್ಕೊಂದು ಕಂಡಿ ಬೀಳುತ್ತದೆ. ಆ ಕಂಡಿ ಪ್ರತಿ ಕಂಪನದ ಎರಡೂ ಪಕ್ಕದಲ್ಲಿ 11.57 ಮೈಕ್ರೋಹರ್ಟ್ಸ್ (ಹತ್ತು ಲಕ್ಷ ಸೆಕೆಂಡಿಗೆ ಒಂದು ಸಲ ಎಂದರೆ ಒಂದು ಮೈಕ್ರೋಹರ್ಟ್ಸ್) ದೂರಕ್ಕೆ ಒಂದೊಂದು ಸುಳ್ಳು ಕಂಪನ ಹುಟ್ಟಿಸುತ್ತದೆ, ಏಕೆಂದರೆ ದಿನಕ್ಕೆ ಒಂದು ಸಲ ಎಂದರೆ ಅಷ್ಟೇ ಮೈಕ್ರೋಹರ್ಟ್ಸ್. ಇದನ್ನು ತಪ್ಪಿಸಲು ಭೂಮಿಯ ಸುತ್ತ ಆರು ಕಡೆ ಒಂದೇ ಬಗೆಯ ಉಪಕರಣ ಇಟ್ಟ ಗಾಂಗ್ ಜಾಲ 1995ರಲ್ಲಿ ಕೆಲಸ ಶುರುಮಾಡಿತು. ಆ ಆರರಲ್ಲಿ ಒಂದು ನಮ್ಮ ಉದಯಪುರದಲ್ಲಿದೆ.

ದೂರದ ನಕ್ಷತ್ರದಲ್ಲಿ ಈ ಕಂಪನ ಎಷ್ಟು ಸಣ್ಣದು? ಸೂರ್ಯನಂಥ ನಕ್ಷತ್ರದಲ್ಲಿ ಒಂದೊಂದು ಕಂಪನದಿಂದ ಬೆಳಕು ಬದಲಾಗುವುದು ಹತ್ತು ಲಕ್ಷದಲ್ಲಿ ಮೂರು ನಾಲ್ಕು ಪಾಲು. ಭೂಮಿ ಸೂರ್ಯನ ಮುಂದೆ ಹಾದರೆ ಆಗುವ ಇಳಿತ ಹತ್ತು ಲಕ್ಷದಲ್ಲಿ 84 ಪಾಲು, ಅದರ ಮುಂದೆ ಇದು ತೀರಾ ಕ್ಷೀಣ. ಆದರೂ ಸಿಗುತ್ತದೆ. ಗ್ರಹ ಮುಂದೆ ಹಾಯುವುದು ವರ್ಷಕ್ಕೊಮ್ಮೆ ಆದರೆ, ಕಂಪನ ವರ್ಷಕ್ಕೆ ಲಕ್ಷ ಸಲ ನಡೆಯುತ್ತದೆ. ತಿಂಗಳುಗಟ್ಟಲೆ ಒಂದೇ ನಕ್ಷತ್ರವನ್ನು ನೋಡುತ್ತಾ ಕೂತರೆ ಅಳತೆಯಲ್ಲಿನ ಗದ್ದಲ ತನ್ನಷ್ಟಕ್ಕೆ ತಾನೇ ಸರಾಸರಿಯಲ್ಲಿ ಕರಗಿ ಕಂಪನ ಮೇಲೆದ್ದು ನಿಲ್ಲುತ್ತದೆ. ಅಂದರೆ ಗ್ರಹ ಹುಡುಕಲು ಬೇಕಾದ ದತ್ತಾಂಶ ಮತ್ತು ನಕ್ಷತ್ರದ ಕಂಪನ ಅಳೆಯಲು ಬೇಕಾದ ದತ್ತಾಂಶ ಎರಡೂ ಒಂದೇ. 2009ರಲ್ಲಿ ಹಾರಿದ ಕೆಪ್ಲರ್ ಎರಡೂ ಕೆಲಸಕ್ಕೆ ಒದಗಿದ್ದು ಹೀಗೆ.

ಆದರೆ ಒಂದು ತೊಡಕಿತ್ತು. ಕೆಪ್ಲರ್ ಒಂದೂವರೆ ಲಕ್ಷ ನಕ್ಷತ್ರಗಳಲ್ಲಿ ಹೆಚ್ಚಿನವಕ್ಕೆ 29.4 ನಿಮಿಷಕ್ಕೊಂದು ಅಳತೆ ಕೊಡುತ್ತಿತ್ತು. ಒಂದು ಕಂಪನವನ್ನು ಗುರುತಿಸಲು ಪ್ರತಿ ಸುತ್ತಿಗೆ ಕನಿಷ್ಠ ಎರಡು ಅಳತೆ ಬೇಕು, ಹಾಗಾಗಿ ಈ ವೇಗದಲ್ಲಿ ಸುಮಾರು 283 ಮೈಕ್ರೋಹರ್ಟ್ಸ್‌ವರೆಗೆ ಮಾತ್ರ ನೋಡಬಹುದು. ಕೆಂಪು ದೈತ್ಯಗಳಿಗೆ, ಅಂದರೆ ವಯಸ್ಸಾಗಿ ಉಬ್ಬಿದ ನಕ್ಷತ್ರಗಳಿಗೆ, ಇದು ಸಾಕು, ಅವು ನಿಧಾನ ಕಂಪಿಸುತ್ತವೆ. ಸೂರ್ಯನ ಕಂಪನ ಇರುವುದು 3090ರ ಆಸುಪಾಸು, ಅದು ಕೈಗೆ ಸಿಗದು. ಅದಕ್ಕೆ 58.85 ಸೆಕೆಂಡಿಗೊಂದು ಅಳತೆಯ ವ್ಯವಸ್ಥೆ ಬೇಕು, ಅದು ಒಂದು ಸಲಕ್ಕೆ 512 ನಕ್ಷತ್ರಗಳಿಗಷ್ಟೇ ಇತ್ತು. ಯಾವ 512 ಎಂಬ ಆಯ್ಕೆ ಪೈಪೋಟಿಯದ್ದೇ ಆಗಿತ್ತು.

ಈಗ ಒಂದು ನಕ್ಷತ್ರವನ್ನು ಹತ್ತಿರದಿಂದ ನೋಡೋಣ. ಕೆಪ್ಲರ್-444. ಲೈರಾ ಪುಂಜದಲ್ಲಿದೆ, ನಾವು ಅಭಿಜಿತ್ ಎನ್ನುವ ನಕ್ಷತ್ರ ಇರುವ ಪುಂಜವೇ ಅದು. ದೂರ ಸುಮಾರು 119 ಜ್ಯೋತಿರ್ವರ್ಷ. ಸೂರ್ಯನಿಗಿಂತ ಚಿಕ್ಕದು, ತಂಪು. ಐದು ಗ್ರಹಗಳಿವೆ, ಐದೂ ಭೂಮಿಗಿಂತ ಚಿಕ್ಕವು, ಐದೂ ಹತ್ತು ದಿನದೊಳಗೆ ನಕ್ಷತ್ರವನ್ನು ಸುತ್ತಿ ಮುಗಿಸುತ್ತವೆ. ತೀರಾ ಒಳಗಿನದರ ಸಂಕ್ರಮಣದ ಇಳಿತ ಹತ್ತು ಲಕ್ಷದಲ್ಲಿ ಸುಮಾರು 24 ಪಾಲು.

ಕೆಲಸ ಶುರುವಾಗುವುದು ಬೆಳಕಿನ ರೇಖೆಯನ್ನು, ಅಂದರೆ ಕಾಲದೊಂದಿಗೆ ಬೆಳಕು ಏರಿಳಿದ ನಕ್ಷೆಯನ್ನು, ಹಸನು ಮಾಡುವುದರಿಂದ. ಮೊದಲು ಸಂಕ್ರಮಣಗಳನ್ನು ಕತ್ತರಿಸಿ ತೆಗೆಯಬೇಕು. ಚೂಪಾದ ಇಳಿತ ನಿಯಮಿತವಾಗಿ ಮರುಕಳಿಸಿದರೆ ಅದರ ಲಯದ ಗುಣಿತಗಳು (ಎರಡು ಪಟ್ಟು, ಮೂರು ಪಟ್ಟು, ಹೀಗೆ) ಕಂಪನಾಂಕಗಳ ರೋಹಿತದ ಉದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಎದ್ದು ನಿಲ್ಲುತ್ತವೆ. ಆಮೇಲೆ ದೂರದರ್ಶಕದ ತಾಪ ಬದಲಾವಣೆ, ನಕ್ಷತ್ರದ ಕಲೆಗಳಿಂದಾದ ನಿಧಾನ ಏರಿಳಿತಗಳನ್ನು ಸೋಸಬೇಕು. ಸೋಸುವ ಕಿಟಕಿ ಒಂದು ದಿನದಷ್ಟು ಅಗಲ ಇದ್ದರೆ ನಿಮಿಷಗಳ ಕಂಪನಕ್ಕೆ ಧಕ್ಕೆಯಿಲ್ಲ. ಕಿಟಕಿಯನ್ನು ಗಂಟೆಗೆ ಇಳಿಸಿದರೆ ಮೇಲ್ಮೈ ಕುದಿತದ ಗುರುತೂ ಅಳಿಸಿಹೋಗುತ್ತದೆ, ಮುಂದೆ ಹಿನ್ನೆಲೆ ಕಳೆಯುವಾಗ ಲೆಕ್ಕ ತಪ್ಪುತ್ತದೆ. ಈ ಎರಡು ಹೆಜ್ಜೆಗಳ ಸರದಿ ಅದಲುಬದಲಾಗಬಾರದು. ಸಂಕ್ರಮಣ ತೆಗೆಯುವ ಮೊದಲೇ ಸೋಸಿದರೆ ಪ್ರತಿ ಇಳಿತದ ಅಕ್ಕಪಕ್ಕ ಸುಳ್ಳು ಉಬ್ಬುಗಳು ಹುಟ್ಟುತ್ತವೆ.

ಹೀಗೆ ಹಸನಾದ ರೇಖೆಯನ್ನು ಕಂಪನಾಂಕಗಳಾಗಿ ಬಿಡಿಸಿದರೆ ಎಡಗಡೆ ಕುದಿತದ ಇಳಿಜಾರು, ಬಲಗಡೆ ಸಮತಟ್ಟಾದ ಗದ್ದಲ, ನಡುವೆ ಒಂದು ದಿಬ್ಬ ಕಾಣುತ್ತದೆ. ದಿಬ್ಬದ ಮೇಲೆ ಸಮ ದೂರದಲ್ಲಿ ಮೊನೆಗಳು. ಕೆಪ್ಲರ್-444ರಲ್ಲಿ ದಿಬ್ಬದ ನೆತ್ತಿ 4538 ಮೈಕ್ರೋಹರ್ಟ್ಸ್‌ನಲ್ಲಿದೆ, ಅಂದರೆ ಒಂದು ಸುತ್ತಿಗೆ 3 ನಿಮಿಷ 40 ಸೆಕೆಂಡು. ಇಲ್ಲಿ ಎಚ್ಚರ ಬೇಕು. ಕೆಪ್ಲರ್‌ನ ಎಲೆಕ್ಟ್ರಾನಿಕ್ಸ್ 29.4 ನಿಮಿಷದ ಲಯದಲ್ಲೂ ಕೆಲಸ ಮಾಡುತ್ತಿದ್ದುದರಿಂದ ಅದರ ಕಂಪನಾಂಕವಾದ 566.4 ಮೈಕ್ರೋಹರ್ಟ್ಸ್ ಮತ್ತು ಅದರ ಗುಣಿತಗಳಲ್ಲಿ ಯಂತ್ರದ್ದೇ ಮೊನೆಗಳು ಏಳುತ್ತವೆ. ಎಂಟನೆಯ ಗುಣಿತ 4531. ನಮ್ಮ ದಿಬ್ಬದ ನೆತ್ತಿಯ ಮಗ್ಗುಲಲ್ಲೇ! ಬೇರ್ಪಡಿಸುವುದು ಹೇಗೆ? ಯಂತ್ರದ ಮೊನೆ ಸೂಜಿಯಂತೆ ಚೂಪು, ಬೇರೆ ನಕ್ಷತ್ರಗಳಲ್ಲೂ ಅದೇ ಜಾಗದಲ್ಲಿ ಕಾಣುತ್ತದೆ. ನಕ್ಷತ್ರದ ಕಂಪನವಾದರೋ ಕೆಲವೇ ದಿನಗಳಲ್ಲಿ ಕ್ಷೀಣಿಸಿ ಹೊಸ ಪೆಟ್ಟು ಬಿದ್ದಾಗ ಮತ್ತೆ ಏಳುವಂಥದ್ದು. ಹಾಗಾಗಿ ಅದರ ಮೊನೆಗೆ ಅಗಲವಿರುತ್ತದೆ.

ಮೊನೆಗಳ ನಡುವಿನ ಸಮ ಅಂತರಕ್ಕೆ ದೊಡ್ಡ ಅಂತರ ಎನ್ನೋಣ. ಇದನ್ನು ನಿಖರಗೊಳಿಸುವ ಉಪಾಯ ಗೋಡೆಯ ಕ್ಯಾಲೆಂಡರಿನಲ್ಲಿದೆ. ಸಾಲಿಗೆ ಏಳು ದಿನ ಬರೆದರೆ ಭಾನುವಾರಗಳೆಲ್ಲ ಒಂದರ ಕೆಳಗೊಂದು ನೆಟ್ಟಗೆ ನಿಲ್ಲುತ್ತವೆ. ಆರೋ ಎಂಟೋ ಬರೆದರೆ ಓರೆಯಾಗುತ್ತವೆ. ಹಾಗೆಯೇ ರೋಹಿತವನ್ನು ದೊಡ್ಡ ಅಂತರದಷ್ಟು ಉದ್ದದ ತುಂಡುಗಳಾಗಿ ಕತ್ತರಿಸಿ ಒಂದರ ಮೇಲೊಂದು ಪೇರಿಸಬೇಕು. ಅಂತರ ಸರಿಯಿದ್ದರೆ ಮೊನೆಗಳು ನೆಟ್ಟ ಕಂಬಸಾಲುಗಳಾಗುತ್ತವೆ, ತಪ್ಪಿದ್ದರೆ ಸಾಲು ವಾಲುತ್ತದೆ. ಕಂಬಗಳು ಮೂರು. ನಕ್ಷತ್ರ ಇಡಿಯಾಗಿ ಉಬ್ಬಿ ಕುಗ್ಗುವ ಸೊನ್ನೆ ದರ್ಜೆಯದು ಒಂದು. ಅರ್ಧ ಉಬ್ಬಿದಾಗ ಇನ್ನರ್ಧ ಕುಗ್ಗುವ ಒಂದನೇ ದರ್ಜೆಯದು ಇನ್ನೊಂದು, ಇದು ಸುಮಾರು ನಡುಮಧ್ಯದಲ್ಲಿ ನಿಲ್ಲುತ್ತದೆ. ಮೂರನೆಯದು ಸೊನ್ನೆಯ ಪಕ್ಕದಲ್ಲೇ ನಿಲ್ಲುವ ಎರಡನೇ ದರ್ಜೆಯದು. ಇನ್ನೂ ಮೇಲಿನ ದರ್ಜೆಗಳಲ್ಲಿ ಉಬ್ಬು ತಗ್ಗುಗಳು ಬಿಂಬದ ಮೇಲೆ ಪರಸ್ಪರ ಅಳಿಸಿಹೋಗುವುದರಿಂದ ದೂರದಿಂದ ಹೆಚ್ಚೇನೂ ಕಾಣದು.

ಕೆಪ್ಲರ್-444ರ ದೊಡ್ಡ ಅಂತರ 179.6 ಮೈಕ್ರೋಹರ್ಟ್ಸ್, ಸೂರ್ಯನದು 135.1. ಇದರ ಅರ್ಥ ಬಹಳ ನೇರ. ಶಬ್ದ ನಕ್ಷತ್ರದ ಈ ದಡದಿಂದ ಆ ದಡಕ್ಕೆ ಕೇಂದ್ರದ ಮೂಲಕ ದಾಟಲು ಹಿಡಿಯುವ ಸಮಯವೇ ಇದರ ವಿಲೋಮ: ಸೂರ್ಯನಲ್ಲಿ 2 ಗಂಟೆ 3 ನಿಮಿಷ, ಇಲ್ಲಿ 1 ಗಂಟೆ 33 ನಿಮಿಷ. ದೊಡ್ಡ ಅಂತರ ಸರಾಸರಿ ಸಾಂದ್ರತೆಯ ವರ್ಗಮೂಲದಂತೆ ಬದಲಾಗುತ್ತದೆ. ದಿಬ್ಬದ ನೆತ್ತಿಯ ಕಂಪನಾಂಕ ಮೇಲ್ಮೈಯ ಗುರುತ್ವದಂತೆ ಏರುತ್ತದೆ, ತಾಪದ ವರ್ಗಮೂಲದಿಂದ ತಗ್ಗುತ್ತದೆ. ಎರಡು ಸಮೀಕರಣ, ಎರಡು ಅಜ್ಞಾತ: ದ್ರವ್ಯರಾಶಿ ಮತ್ತು ತ್ರಿಜ್ಯ. ತಾಪವನ್ನು ನಕ್ಷತ್ರದ ಬೆಳಕಿನ ಬಣ್ಣಗಳ ರೋಹಿತ ನೋಡಿ ಪಡೆಯಬೇಕು, ಇಲ್ಲಿ ಅದು 5046 ಕೆಲ್ವಿನ್.

ಲೆಕ್ಕ ಹಾಕಿ ನೋಡಿ. ಸಾಂದ್ರತೆಗೆ 179.6ನ್ನು 135.1ರಿಂದ ಭಾಗಿಸಿ ವರ್ಗ ಮಾಡಿದರೆ ಸೂರ್ಯನ 1.77 ಪಟ್ಟು. ತ್ರಿಜ್ಯಕ್ಕೆ ಸೂರ್ಯನ 0.78 ಪಟ್ಟು. ದ್ರವ್ಯರಾಶಿಗೆ 0.83 ಪಟ್ಟು. ಇನ್ನು ಒಂದೊಂದು ಕಂಪನವನ್ನೂ ಬಿಡಿಬಿಡಿಯಾಗಿ ಗಣಕದ ಮಾದರಿ ನಕ್ಷತ್ರಗಳೊಡನೆ ತಾಳೆ ನೋಡಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ: ತ್ರಿಜ್ಯ 0.752, ದ್ರವ್ಯರಾಶಿ 0.758. ಸಾಂದ್ರತೆ ಹೆಚ್ಚುಕಡಿಮೆ ಶೇ. 1ರೊಳಗೆ ಹೊಂದಿತು, ತ್ರಿಜ್ಯ ಶೇ. 3ರಷ್ಟು ತಪ್ಪಿತು, ದ್ರವ್ಯರಾಶಿ ಶೇ. 9ರಷ್ಟು. ಕಾರಣ ಸೂತ್ರದಲ್ಲೇ ಇದೆ. ದಿಬ್ಬದ ನೆತ್ತಿ ಎಲ್ಲಿದೆ ಎಂಬುದರಲ್ಲಿ ಶೇ. 3ರಷ್ಟು ಅನಿಶ್ಚಿತತೆ ಇತ್ತು, ಏಕೆಂದರೆ ದಿಬ್ಬ ಅಗಲ, ಸಂಕೇತ ಕ್ಷೀಣ. ದ್ರವ್ಯರಾಶಿಯ ಸೂತ್ರದಲ್ಲಿ ಆ ಸಂಖ್ಯೆ ಘನವಾಗಿ ಬರುತ್ತದೆ, ಶೇ. 3 ಎನ್ನುವುದು ಶೇ. 9 ಆಗುತ್ತದೆ. ಹಾಗಾಗಿ ಬರೀ ಸೂತ್ರದಿಂದ ಬಂದ ದ್ರವ್ಯರಾಶಿಯನ್ನು ನೆಚ್ಚಿ ಕೂರಬಾರದು. ಸಾಂದ್ರತೆಯನ್ನು ನೆಚ್ಚಬಹುದು.

ವಯಸ್ಸು ಹೇಳುವುದು ಸಣ್ಣ ಅಂತರ, ಅಂದರೆ ಸೊನ್ನೆ ದರ್ಜೆಗೂ ಎರಡನೇ ದರ್ಜೆಗೂ ನಡುವಿನದು. ಸೂರ್ಯನಲ್ಲಿ ಅದು ಸುಮಾರು 9 ಮೈಕ್ರೋಹರ್ಟ್ಸ್. ಸೊನ್ನೆ ದರ್ಜೆಯ ಅಲೆ ಕೇಂದ್ರದವರೆಗೂ ಹೋಗುತ್ತದೆ, ಎರಡನೇ ದರ್ಜೆಯದು ಅಲ್ಲಿಗೆ ಮೊದಲೇ ತಿರುಗುತ್ತದೆ. ತಿರುಳಿನಲ್ಲಿ ಹೈಡ್ರೋಜನ್ ಉರಿದು ಹೀಲಿಯಂ ಕೂಡಿದಷ್ಟೂ ಕಣಗಳ ಸರಾಸರಿ ತೂಕ ಏರಿ ಅಲ್ಲಿ ಶಬ್ದದ ವೇಗ ಇಳಿಯುತ್ತದೆ, ಸಣ್ಣ ಅಂತರ ಕುಗ್ಗುತ್ತದೆ. ಕೆಪ್ಲರ್-444ರ ವಯಸ್ಸು ಈ ದಾರಿಯಲ್ಲಿ ಸುಮಾರು 1120 ಕೋಟಿ ವರ್ಷ ಎಂದು ಬಂತು, 100 ಕೋಟಿ ವರ್ಷ ಹೆಚ್ಚುಕಡಿಮೆ. ನಮ್ಮ ಸೂರ್ಯನಿಗೆ 457 ಕೋಟಿ. ವಿಶ್ವದ ವಯಸ್ಸು 1380 ಕೋಟಿ ವರ್ಷ. ಭಾರ ಧಾತುಗಳು ಇನ್ನೂ ವಿರಳವಾಗಿದ್ದ ಆ ಹಳೆಯ ಕಾಲದಲ್ಲೇ ಚಿಕ್ಕ ಗ್ರಹಗಳು ಹುಟ್ಟಿದ್ದವು ಎಂಬುದಕ್ಕೆ ಇಷ್ಟು ಗಟ್ಟಿಯಾದ ಸಾಕ್ಷಿ ಅದುವರೆಗೆ ಇರಲಿಲ್ಲ. ಈ ಕ್ಷೇತ್ರದ ಫಲಿತಾಂಶಗಳಲ್ಲಿ ಎದೆ ತುಂಬಿಸುವಂಥದ್ದು ಇದು.

ಆದರೆ ವಯಸ್ಸು ಅಳತೆಯಲ್ಲ, ಮಾದರಿಯ ಮೂಲಕ ಬಂದ ತೀರ್ಮಾನ ಎಂಬುದನ್ನು ಒತ್ತಿ ಹೇಳಬೇಕು. ತಂಪು ನಕ್ಷತ್ರಗಳಲ್ಲಿ ಹೀಲಿಯಂ ಬೆಳಕಿನ ರೋಹಿತದಲ್ಲಿ ಕಾಣದು, ಅದರ ಆರಂಭದ ಪ್ರಮಾಣವನ್ನು ಊಹಿಸಬೇಕಾಗುತ್ತದೆ. ಹೆಚ್ಚು ಹೀಲಿಯಂ ಇರುವ ಹಗುರ ನಕ್ಷತ್ರ, ಕಡಿಮೆ ಹೀಲಿಯಂ ಇರುವ ಭಾರದ ನಕ್ಷತ್ರ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಂಪಿಸುತ್ತವೆ. ಇನ್ನೊಂದು ಹಳೆಯ ತಲೆನೋವು ಮೇಲ್ಪದರದ್ದು. ಕುದಿಯುವ ಪದರವನ್ನು ಮಾದರಿಗಳು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಸೂರ್ಯನ ಅತ್ಯುತ್ತಮ ಮಾದರಿಯಲ್ಲೂ 4000ದ ಬಳಿ ಕಂಪನಾಂಕ ಸುಮಾರು 10 ಮೈಕ್ರೋಹರ್ಟ್ಸ್ ಹೆಚ್ಚು ಬರುತ್ತದೆ. ಅಳತೆಯ ದೋಷವಾದರೋ ಅದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ತಿದ್ದುಪಡಿ ಸೂತ್ರಗಳಿವೆ, ಯಾವುದನ್ನು ಬಳಸಿದರೆಂಬುದರ ಮೇಲೆ ಉತ್ತರ ಸ್ವಲ್ಪ ಸರಿಯುತ್ತದೆ. ಕೆಪ್ಲರ್‌ನ ಗ್ರಹಸಹಿತ ನಕ್ಷತ್ರಗಳಲ್ಲಿ 33ನ್ನು ಒಂದೇ ವಿಧಾನದಿಂದ ವಿಶ್ಲೇಷಿಸಿದ 2015ರ ಅಧ್ಯಯನದಲ್ಲಿ ಸರಾಸರಿ ಅನಿಶ್ಚಿತತೆ ತ್ರಿಜ್ಯದಲ್ಲಿ ಶೇ. 1.2, ಸಾಂದ್ರತೆಯಲ್ಲಿ 1.7, ದ್ರವ್ಯರಾಶಿಯಲ್ಲಿ 3.3, ವಯಸ್ಸಿನಲ್ಲಿ 14. ಬೇರೆ ವಿಧಾನಗಳಲ್ಲಿ ಒಂಟಿ ನಕ್ಷತ್ರದ ವಯಸ್ಸು ಶೇ. 50ರಷ್ಟು ಅತ್ತಿತ್ತ ಆದರೂ ಯಾರೂ ಅಚ್ಚರಿಪಡುವುದಿಲ್ಲ, ಆ ಲೆಕ್ಕದಲ್ಲಿ 14 ದೊಡ್ಡ ಸಾಧನೆ.

ತ್ರಿಜ್ಯದಲ್ಲಿ ಈ ನಿಖರತೆ ಏನು ಕೊಡುತ್ತದೆ ಎಂಬುದಕ್ಕೆ ಕೆಪ್ಲರ್-93ಬಿ ಒಳ್ಳೆಯ ಉದಾಹರಣೆ: ಭೂಮಿಯ 1.481 ಪಟ್ಟು, ತಪ್ಪಿದರೆ 0.019. ಅಂದರೆ ಮುನ್ನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ ಗ್ರಹದ ತ್ರಿಜ್ಯದಲ್ಲಿ ಅನಿಶ್ಚಿತತೆ 120 ಕಿಲೋಮೀಟರು, ಬೆಂಗಳೂರಿನಿಂದ ಮೈಸೂರಿನಷ್ಟೂ ಇಲ್ಲ. ಇಂಥ ಅಳತೆಗಳನ್ನು ಒಟ್ಟಿಗೆ ಹಾಕಿದಾಗಲೇ ಗ್ರಹಗಳ ಗಾತ್ರದಲ್ಲಿ ಒಂದು ಕಣಿವೆ ಸ್ಪಷ್ಟವಾಯಿತು. ಭೂಮಿಯ ಒಂದೂವರೆಯಿಂದ ಎರಡು ಪಟ್ಟಿನ ನಡುವೆ ಗ್ರಹಗಳು ವಿರಳ, ಅತ್ತ ಇತ್ತ ಹೇರಳ. ಕಂಪನದಿಂದ ಅಳೆದ ನಕ್ಷತ್ರಗಳ ಸುತ್ತಲಿನ 117 ಗ್ರಹಗಳನ್ನು 2018ರಲ್ಲಿ ನೋಡಿದಾಗ, ಕಕ್ಷೆ ದೊಡ್ಡದಾದಂತೆ ಕಣಿವೆ ಚಿಕ್ಕ ಗಾತ್ರದ ಕಡೆ ಓರೆಯಾಗುವುದು ಕಂಡಿತು. ನಕ್ಷತ್ರದ ಕಿರಣಗಳು ಹತ್ತಿರದ ಗ್ರಹಗಳ ಗಾಳಿಯನ್ನು ಕಿತ್ತೊಯ್ದು ಬರೀ ಕಲ್ಲಿನ ತಿರುಳು ಉಳಿಸುತ್ತವೆ ಎಂಬ ವಿವರಣೆಗೆ ಇದು ಹೊಂದುತ್ತದೆ. ತ್ರಿಜ್ಯ ಮಸುಕಾಗಿದ್ದರೆ ಆ ಓರೆ ಕಾಣುವುದು ಕಷ್ಟವಾಗುತ್ತಿತ್ತು.

ಸಾಂದ್ರತೆಯ ಇನ್ನೊಂದು ಉಪಯೋಗ ಅಷ್ಟು ಪ್ರಸಿದ್ಧವಲ್ಲ, ಆದರೆ ಬಹಳ ಚೆಂದದ್ದು. ಸಂಕ್ರಮಣದ ಅವಧಿಯನ್ನೂ ಕಕ್ಷೆಯ ಅವಧಿಯನ್ನೂ ಸೇರಿಸಿ, ಕಕ್ಷೆ ವೃತ್ತಾಕಾರ ಎಂದುಕೊಂಡರೆ, ನಕ್ಷತ್ರದ ಸಾಂದ್ರತೆ ಸಿಗುತ್ತದೆ. ಅದು ಕಂಪನದ ಸಾಂದ್ರತೆಗೆ ತಾಳೆಯಾಗದಿದ್ದರೆ ಕಕ್ಷೆ ವೃತ್ತವಲ್ಲ, ಅಥವಾ ಗ್ರಹ ಆ ನಕ್ಷತ್ರದ್ದೇ ಅಲ್ಲ. ಈ ತಾಳೆಯಿಂದಲೇ ಹಲವು ಗ್ರಹಗಳಿರುವ ಕುಟುಂಬಗಳಲ್ಲಿ ಚಿಕ್ಕ ಗ್ರಹಗಳ ಕಕ್ಷೆಗಳು ನಮ್ಮ ಸೌರವ್ಯೂಹದಂತೆ ಹೆಚ್ಚುಕಡಿಮೆ ದುಂಡಗಿವೆ ಎಂದು ತಿಳಿಯಿತು.

ನಕ್ಷತ್ರ ತಿರುಗುವುದರಿಂದ ಒಂದನೇ ದರ್ಜೆಯ ಮೊನೆ ಮೂರಾಗಿ ಸೀಳುತ್ತದೆ. ಅಕ್ಷ ನಮಗೆ ಅಡ್ಡಲಾಗಿದ್ದರೆ ನಡುವಿನದು ಮಾಯವಾಗಿ ಎರಡು ಕಾಣುತ್ತವೆ. ಧ್ರುವ ನಮ್ಮತ್ತ ಇದ್ದರೆ ನಡುವಿನದೊಂದೇ. ಓರೆಯಾಗಿದ್ದರೆ ಮೂರೂ. 2013ರಲ್ಲಿ ಕೆಪ್ಲರ್-56ರಲ್ಲಿ ಮೂರೂ ಕಂಡವು, ಓರೆ ಸುಮಾರು 47 ಡಿಗ್ರಿ. ಅದರ ಎರಡು ಸಂಕ್ರಮಣ ಗ್ರಹಗಳು ಪರಸ್ಪರ ಒಂದೇ ತಟ್ಟೆಯಲ್ಲಿ ಸುತ್ತುತ್ತಿದ್ದವು, ನಕ್ಷತ್ರ ಮಾತ್ರ ವಾಲಿತ್ತು. ಹೊರಗೆ ದೂರದಲ್ಲಿ ಇನ್ನೊಂದು ಭಾರದ ಸಂಗಾತಿ ಎಳೆದಿರಬೇಕೆಂಬ ಊಹೆ ಆಗಲೇ ಇತ್ತು. ಸುಮಾರು 1000 ದಿನಗಳ ಕಕ್ಷೆಯ ಆ ಮೂರನೆಯ ಗ್ರಹವನ್ನು 2016ರಲ್ಲಿ ಅಳೆಯಲಾಯಿತು. ಕೆಪ್ಲರ್-56 ಸೂರ್ಯನ ನಾಲ್ಕು ಪಟ್ಟಿಗೂ ಹೆಚ್ಚು ಉಬ್ಬಿರುವ ವಯಸ್ಸಾದ ನಕ್ಷತ್ರವಾದ್ದರಿಂದ ಸೀಳು ಸುಲಭವಾಗಿ ಸಿಕ್ಕಿತು. ಸೂರ್ಯನಂಥ ನಿಧಾನಿಯಲ್ಲಿ ಸೀಳು 0.4 ಮೈಕ್ರೋಹರ್ಟ್ಸ್, ಮೊನೆಯ ಅಗಲವೇ ಸುಮಾರು 1. ಎಷ್ಟು ಕಾಲ ನೋಡಿದರೂ ಮೂರು ಒಂದಾಗಿ ಬೆರೆತಿರುತ್ತವೆ.

2018ರಲ್ಲಿ ಗಾಯಾ ದೂರದರ್ಶಕ ಅಳೆದ ನಕ್ಷತ್ರಗಳ ದೂರಗಳು ಪ್ರಕಟವಾದ ಮೇಲೆ (ದೂರ ತಿಳಿದರೆ ನಿಜ ಪ್ರಕಾಶ, ಅದರಿಂದ ತ್ರಿಜ್ಯ ಸಿಗುತ್ತದೆ) ಬರೀ ತ್ರಿಜ್ಯಕ್ಕಾಗಿ ಕಂಪನಗಳ ಮೊರೆ ಹೋಗುವ ಅಗತ್ಯ ಬಹಳ ಕಡಿಮೆಯಾಗಿದೆ ಎಂದು ಒಪ್ಪಿಕೊಳ್ಳಲೇಬೇಕು. ಸಾಂದ್ರತೆ, ವಯಸ್ಸು, ಅಕ್ಷದ ಓರೆ ಈ ಮೂರಕ್ಕೆ ಮಾತ್ರ ಇದು ಈಗಲೂ ಬೇಕಾದ ದಾರಿ. ಕೆಪ್ಲರ್ ನಂತರ ಗ್ರಹ ಹುಡುಕಲು ಹಾರಿದ ಟೆಸ್ ಉಪಗ್ರಹದ ಕ್ಯಾಮೆರಾಗಳ ಬಾಯಿ ಬರೀ 10 ಸೆಂಟಿಮೀಟರು, ಹಾಗಾಗಿ ಅದು ಪ್ರಕಾಶಮಾನವಾದ, ಸ್ವಲ್ಪ ಉಬ್ಬಿದ ನಕ್ಷತ್ರಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಹ ಹುಡುಕುವ ಯುರೋಪಿನ ದೂರದರ್ಶಕ ಪ್ಲೇಟೋ 26 ಕ್ಯಾಮೆರಾಗಳೊಂದಿಗೆ ಬರಲಿದೆ. ಅದರ 24 ಕ್ಯಾಮೆರಾಗಳು 25 ಸೆಕೆಂಡಿಗೊಂದು ಅಳತೆ ತೆಗೆಯುತ್ತವೆ, ಸೂರ್ಯನಂಥ ನಕ್ಷತ್ರಗಳ ವಯಸ್ಸನ್ನು ಶೇ. 10ರೊಳಗೆ ಹಿಡಿಯುವುದು ಅದರ ಗುರಿ.

ಟ್ರಾಪಿಸ್ಟ್-1 ಎಂಬ ಕೆಂಪು ಕುಬ್ಜದ, ಅಂದರೆ ಚಿಕ್ಕ, ತಂಪು ನಕ್ಷತ್ರದ, ಏಳು ಗ್ರಹಗಳ ವಿಷಯ ಕೇಳಿದವರಿಗೆ ಅದಕ್ಕೂ ಹೀಗೇ ಮಾಡಬಹುದಲ್ಲ ಎನ್ನಿಸಬಹುದು. ಸದ್ಯಕ್ಕೆ ಆಗದು. ಕಂಪನದ ಏರಿಳಿತ ನಕ್ಷತ್ರದ ಪ್ರಕಾಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತದಂತೆ ಬದಲಾಗುತ್ತದೆ. ಕೆಂಪು ಕುಬ್ಜಗಳ ಪ್ರಕಾಶ ಸೂರ್ಯನ ಸಾವಿರದಲ್ಲೊಂದು ಪಾಲಿಗೂ ಇಳಿದಿರುತ್ತದೆ, ಅದರ ಮೇಲೆ ಕಾಂತಕ್ಷೇತ್ರದ ಚಟುವಟಿಕೆ ಕಂಪನವನ್ನು ಇನ್ನಷ್ಟು ಅಡಗಿಸುತ್ತದೆ. ತಂಪು ನಕ್ಷತ್ರಗಳ ಕಡೆ ಇದುವರೆಗೆ ತಲುಪಿದ ಕೊನೆಯ ಗಡಿಗಳಲ್ಲಿ ಒಂದು ಎಪ್ಸಿಲಾನ್ ಇಂಡಿ ಎ. ಬರೀ 12 ಜ್ಯೋತಿರ್ವರ್ಷ ದೂರದ ಈ ನಕ್ಷತ್ರಕ್ಕೆ ಒಂದು ದೈತ್ಯ ಗ್ರಹವಿದೆ, ಅದರ ಚಿತ್ರವನ್ನು ಜೇಮ್ಸ್ ವೆಬ್ ದೂರದರ್ಶಕ ತೆಗೆದಿದೆ. 2024ರಲ್ಲಿ ಚಿಲಿಯ ಎಸ್ಪ್ರೆಸೋ ಉಪಕರಣ ಆ ನಕ್ಷತ್ರದ ಮೇಲ್ಮೈಯ ಕಂಪನವನ್ನು ಹಿಡಿಯಿತು: ಏರಿಳಿತದ ವೇಗ ಸೂರ್ಯನಲ್ಲಿ ಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಇರುವ ಜಾಗದಲ್ಲಿ ಅಲ್ಲಿ 2.6 ಸೆಂಟಿಮೀಟರ್.